ಅಳಿಸದೆ ಉಳಿದ ಅರ್ಧ

"ಕಂಪ್ಯೂಟರ್ ಎಲ್ಲಿದೆ?"

ಎಷ್ಟೋ ತಿಂಗಳ ಮೇಲೆ ಬಾಗಿಲಲ್ಲಿ ಬಂದು ನಿಂತ ಗಂಡ ಆಡಿದ ಮೊದಲ ಮಾತು ಇದು! ಹೇಗಿದ್ದೀಯ ಅಂತಲ್ಲ, ಊಟ ಆಯ್ತಾ ಅಂತಲ್ಲ.

ಅವಳು ಬಾಗಿಲಿನ ಹಿಡಿಕೆಯನ್ನು ಬಿಡದೆ ಹಾಗೇ ನಿಂತಳು. ಎದೆ ಡವಗುಟ್ಟಬೇಕಿತ್ತು, ಇಲ್ಲವೇ ಸಿಟ್ಟು ನೆತ್ತಿಗೇರಬೇಕಿತ್ತು. ಎರಡೂ ಆಗಲಿಲ್ಲ. ಅವನು ಸ್ವಲ್ಪ ಇಳಿದಿದ್ದಾನೆ, ಶರ್ಟಿನ ಕಾಲರ್ ತಿರುಗಿಸಿ ಹೊಲಿಸಿಕೊಂಡಿದ್ದಾನೆ, ಹೊಲಿದವರ ಕೈ ನೆಟ್ಟಗಿಲ್ಲ... ಅವಳ ತಲೆಗೆ ಬಂದದ್ದು ಇಷ್ಟೇ.

'ನನಗೇನಾಗಿದೆ? ಎದುರಿಗೆ ನಿಂತಿರೋದು ನನ್ನ ಗಂಡ ಅಲ್ವಾ?'

"ಅಲ್ಲೇ ಇದೆ," ಎಂದಳು. "ಕಿಟಕಿ ಹತ್ತಿರ."

ಅವನು ಒಳಗೆ ಬಂದ. ತನ್ನದೇ ಮನೆಯಲ್ಲಿ ನೆಂಟನ ಹಾಗೆ ಗೋಡೆ ಬದಿಯಿಂದ ನಡೆದು, ಹೆಗಲಿನ ಚೀಲವನ್ನು ಎಲ್ಲಿಡಲಿ ಎಂದು ಒಂದು ಕ್ಷಣ ನೋಡಿ, ಕಾಲ ಬಳಿ ನೆಲದ ಮೇಲಿಟ್ಟುಕೊಂಡ.

ಅವನನ್ನು ಕರೆಸಿದ್ದು ಅವಳಲ್ಲ. ಕೆಳಗಿನ ಮನೆಯಲ್ಲಿರುವ ಅವನ ತಂಗಿ. ಈ ನಾದಿನಿಗೆ ಮೂಗು ತೂರಿಸುವುದೆಂದರೆ ಉಸಿರಾಡಿದಷ್ಟು ಸಲೀಸು. ಅತ್ತಿಗೆಯ ಕಂಪ್ಯೂಟರ್ ಕೆಟ್ಟಿದೆ, ಸೋಮವಾರ ಬೆಳಗ್ಗೆ ಶಾಲೆಯೊಂದರ ಸಮವಸ್ತ್ರದ ಅಳತೆಗಳನ್ನೆಲ್ಲ ಕಾರ್ಖಾನೆಗೆ ಕಳಿಸಬೇಕು, ಅಂಗಡಿಯವನು ಬಂದು ನೋಡಿ ಎಲ್ಲ ಅಳಿಸಿ ಹೊಸದಾಗಿ ಹಾಕದೆ ಬೇರೆ ದಾರಿಯಿಲ್ಲ ಅಂದುಬಿಟ್ಟ ಎಂದು ಅಣ್ಣನಿಗೆ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದಳು. ಇಷ್ಟೆಲ್ಲ ಹೇಳಿಯಾದ ಮೇಲೆ ಅತ್ತಿಗೆಗೂ ಒಂದು ಮಾತು ತಿಳಿಸಬೇಕು ಅನ್ನುವುದು ಮಾತ್ರ ಅವಳಿಗೆ ಮರೆತುಹೋಗಿತ್ತಂತೆ!

"ಸರಿ ಮಾಡಿಕೊಟ್ಟು ಸಂಜೆ ಬಸ್ಸಿಗೆ ಹೊರಡ್ತೀನಿ," ಎಂದ ಅವನು, ಕಂಪ್ಯೂಟರಿನ ಪರದೆಯ ಕಡೆಗೇ ನೋಡುತ್ತಾ. "ನಾಳೆ ಅಲ್ಲಿ ಇರಲೇಬೇಕು. ಈಗ ಕಲಿಸ್ತಿರೋ ಶಾಲೆಯಲ್ಲೇ ಖಾಯಂ ಆಗಿ ಇರ್ತೀನಾ ಇಲ್ವಾ ಅಂತ ಹೇಳಬೇಕು. ಮನೇನೂ ಕೊಡ್ತಾರೆ."

"ಓ," ಎಂದಳು ಅವಳು.

ಅಷ್ಟೇ. ಗಂಡ ಇನ್ನು ವಾಪಸ್ ಬರುವುದಿಲ್ಲ ಎಂಬ ಸುದ್ದಿಗೆ ಒಂದೇ ಒಂದು 'ಓ'. ಆ ಸ್ವರ ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೇ ಅನುಮಾನವಾಯಿತು.

* * *

ಈ ಇಬ್ಬರೂ ಮೊದಲಿನಿಂದ ಹೀಗಿದ್ದವರಲ್ಲ ಸ್ವಾಮಿ.

ಅವನು ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವನು. ಮದುವೆಯ ಹೊಸತರಲ್ಲಿ ಅವಳು ತಮಾಷೆಗೆ 'ಮೇಷ್ಟ್ರೇ' ಎಂದು ಕರೆದದ್ದು ಹಾಗೇ ಅಂಟಿಕೊಂಡಿತು. ಅವಳು ಸಮವಸ್ತ್ರಗಳಿಗೆ ಕಂಪ್ಯೂಟರಿನಲ್ಲಿ ಪ್ಯಾಟರ್ನ್ ಬರೆಯುವವಳು. ತೋಳು ಎಷ್ಟು, ಹೆಗಲು ಎಷ್ಟು, ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕು ಎಂದು ಗೆರೆ ಎಳೆದು ಕೊಡುವ ಕೆಲಸ. ಯಾವ ಬಟ್ಟೆ ಕಂಡರೂ ತಿರುಗಿಸಿ ಒಳಹೊಲಿಗೆ ನೋಡುವ ಚಟ ಅವಳಿಗೆ. ತನ್ನ ಮದುವೆಯ ದಿನ ಮದುಮಗನ ಕೋಟನ್ನೂ ಬಿಟ್ಟವಳಲ್ಲ! ಅಂದಿನಿಂದ ಅವನ ಬಾಯಲ್ಲಿ ಅವಳು 'ಕತ್ತರಿ'.

ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್. ಅವಳ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟರೆ ಬೇರೆಲ್ಲೂ ನಡೆಯದು. ಅವನೋ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಬಿಟ್ಟು ಬೇರೆಯದನ್ನು ಮುಟ್ಟದವನು. ಆ ವಿಷಯದಲ್ಲಿ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಆಸಾಮಿ. ಹಾಗಾಗಿ ಒಂದೇ ಯಂತ್ರದ ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ಅವಳ ವಿಂಡೋಸ್, ಇನ್ನೊಂದರಲ್ಲಿ ತನ್ನ ಲಿನಕ್ಸ್ ಹಾಕಿದ್ದ. ಹಗಲು ಅವಳ ಕೆಲಸ, ಸಂಜೆ ಅವನ ಪಾಠಗಳು.

ಯಂತ್ರ ಶುರುವಾದ ಕೂಡಲೇ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತಿದ್ದವು. ಒಂದು ಅವಳದು, ಒಂದು ಅವನದು. ಯಾರ ಕಡೆಗೆ ಹೋಗಲಿ ಎಂದು ಬಾಗಿಲಲ್ಲೇ ನಿಂತು ಕೇಳುವ ಆ ಪುಟ್ಟ ಪ್ರೋಗ್ರಾಮಿಗೆ ಬೂಟ್ ಲೋಡರ್ ಎಂದು ಹೆಸರು. ಕೆಲವು ಕ್ಷಣ ಕಾಯುತ್ತದೆ, ಯಾರೂ ಏನೂ ಹೇಳದಿದ್ದರೆ ತಾನೇ ಒಂದು ಕಡೆಗೆ ಹೋಗುತ್ತದೆ. ಅವನು ಅದನ್ನು ಅವಳ ಕಡೆಗೇ ಹೋಗುವಂತೆ ಇಟ್ಟಿದ್ದ. ಆದರೂ ಅವಳು ಗೊಣಗುತ್ತಿದ್ದಳು, ದಿನಾ ಬೆಳಗ್ಗೆ ಎದ್ದರೆ ಇದೊಂದು ವಿಚಾರಣೆ ಬೇರೆ ಎಂದು. ಅವನು ನಗುತ್ತಿದ್ದ.

ಹೀಗಿರುವಾಗ ಅವಳ ಅಮ್ಮ ತೀರಿಕೊಂಡರು.

ಬೆಳಗ್ಗೆ ಫೋನಿನಲ್ಲಿ ಮಾತಾಡಿದ್ದ ಅಮ್ಮ ಮಧ್ಯಾಹ್ನಕ್ಕೆ ಇರಲಿಲ್ಲ. ಮನೆಮಂದಿಯೆಲ್ಲ ಅತ್ತರು. ಅವಳು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು, ಅಳುತ್ತಿದ್ದ ಚಿಕ್ಕಮ್ಮನ ಬೆನ್ನು ಸವರಿದಳು. ಎಲ್ಲ ಮುಗಿದ ಮೇಲೆ ವಾಪಸ್ ಬಂದು ಅರ್ಧಕ್ಕೆ ಬಿಟ್ಟಿದ್ದ ಒಂದು ತೋಳಿನ ಪ್ಯಾಟರ್ನ್ ಮುಗಿಸಿದಳು. ಎಷ್ಟು ಗಟ್ಟಿಗಿತ್ತಿ ಎಂದರು ಜನ. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ. ಒಳಗೆ ಏನೂ ಇರಲಿಲ್ಲ. ಊಟಕ್ಕೆ ರುಚಿಯಿಲ್ಲ, ಹಾಡಿಗೆ ಸ್ವರವಿಲ್ಲ, ಗಂಡನ ಕೈಗೆ ಬಿಸಿಯಿಲ್ಲ.

ಅವನು ಸುತ್ತಿ ಸುತ್ತಿ ಬಂದ. ಮಾತಾಡಿಸಿ ನೋಡಿದ, ಹೊರಗೆ ಕರೆದು ನೋಡಿದ, ಸುಮ್ಮನೆ ಪಕ್ಕದಲ್ಲಿ ಕೂತೂ ನೋಡಿದ. ಕೊನೆಗೊಂದು ದಿನ ಅವಳ ಕೈ ಹಿಡಿದುಕೊಂಡು, ಏನಾದರೂ ಹೇಳು, ಬೈದರೂ ಸರಿ ಎಂದ.

"ನನಗೇನೂ ಅನ್ನಿಸ್ತಾನೇ ಇಲ್ಲ ರೀ," ಎಂದಿದ್ದಳು.

ಅದಾದ ಎರಡು ದಿನಕ್ಕೆ ಅವನು ಹೊರಟ. ಬೇರೆ ಊರಿನ ವಸತಿ ಶಾಲೆಯಲ್ಲಿ ಮೇಷ್ಟ್ರು ಬೇಕಂತೆ, ಸ್ವಲ್ಪ ದಿನ ಹೋಗಿ ಬರ್ತೀನಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿ ಬಟ್ಟೆ ತುಂಬಿಕೊಂಡ. ಅವಳು ಯಾಕೆ ಎಂದು ಕೇಳಲಿಲ್ಲ. ಅವನು ಹೋದ ಮೇಲೆ ಕೆಲಸಕ್ಕೆ ಕೂತು ಯಂತ್ರ ಹಚ್ಚಿದಳು.

ಎರಡು ಸಾಲು ಬರಲಿಲ್ಲ. ನೇರ ಅವಳ ವಿಂಡೋಸ್ ತೆರೆದುಕೊಂಡಿತು.

'ಅವರ ಭಾಗವನ್ನ ಅಳಿಸಿಕೊಂಡು ಹೋಗಿದ್ದಾರೆ...' ಎಂದುಕೊಂಡಳು ಅವಳು. 'ಕಲ್ಲಿನಂಥ ಹೆಂಡತಿ ಜೊತೆ ಯಾರು ತಾನೇ ಇರ್ತಾರೆ?'

ಆಮೇಲೆ ಅವನಿಗೆ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಜಗಳವನ್ನೇ ಆಡದವರಿಗೆ ಉಂಡರೇನು, ಮಲಗಿದರೇನು?

* * *

ಈಗ ಅವನು ಗುಂಡಿ ಒತ್ತಿದ. ಯಂತ್ರ ಗುಂಯ್ ಎಂದಿತು. ಪರದೆ ಕಪ್ಪಾಗಿ, ಮೂಲೆಯಲ್ಲಿ ಒಂದೇ ಒಂದು ಸಾಲು ಬಂದು ನಿಂತಿತು. 'ಗ್ರಬ್ ರೆಸ್ಕ್ಯೂ.' ಪಕ್ಕದಲ್ಲಿ ಮಿನುಗುವ ಒಂದು ಗೆರೆ.

ಅವನ ಕೈ ಹಾಗೇ ನಿಂತಿತು.

"ಇದು... ಇದು ನನ್ನ ಕಡೇದು," ಎಂದ. "ಲಿನಕ್ಸಿನ ಬೂಟ್ ಲೋಡರ್. ಇದು ಹೇಗೆ ಬಂತು?"

"ನನಗೇನು ಗೊತ್ತು? ಎರಡು ದಿನದಿಂದ ಹೀಗೇ ಬರ್ತಿದೆ."

"ನೀನು ಅಳಿಸಿದ್ದೆಯಲ್ಲ?"

"ಏನನ್ನ?"

"ನನ್ನ ಭಾಗಾನ."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

"ನಾನಾ? ನೀವೇ ಅಳಿಸಿಕೊಂಡು ಹೋದ್ರಿ ಅಂದ್ಕೊಂಡಿದ್ದೆ!"

ಅವನು ನಿಧಾನವಾಗಿ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದ.

ಅವನು ಹೇಳಿದ ಕಥೆ ಇಷ್ಟು. ಹೊರಡುವ ಹಿಂದಿನ ಸಂಜೆ ಅವನು ಯಂತ್ರ ಹಚ್ಚಿದಾಗ ಆ ಎರಡು ಸಾಲಿನ ಮೆನು ಬಂದಿರಲಿಲ್ಲ. ಏನೂ ಅನ್ನಿಸ್ತಾ ಇಲ್ಲ ಎಂದು ಹಿಂದಿನ ದಿನವಷ್ಟೇ ಹೇಳಿದ್ದ ಹೆಂಡತಿ, ದಿನಾ ಆ ಮೆನುವಿನ ಮೇಲೆ ಗೊಣಗುತ್ತಿದ್ದ ಹೆಂಡತಿ. ಸರಿ, ಬಾಯಲ್ಲಿ ಹೇಳಲಾರದ್ದನ್ನು ಕೈಯಲ್ಲಿ ಮಾಡಿ ತೋರಿಸಿದ್ದಾಳೆ ಎಂದುಕೊಂಡ.

ಅವಳು ನೆನಪಿಸಿಕೊಂಡಳು. ಆ ಮಧ್ಯಾಹ್ನ ವಿಂಡೋಸ್ ಏನೋ ಅಪ್‌ಡೇಟ್ ಕೇಳಿತ್ತು. ಹೂಂ ಎಂದು ಒತ್ತಿ, ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಹೋಗಿ ಮಲಗಿದ್ದಳು. ಅಷ್ಟೇ ಅವಳು ಮಾಡಿದ ಮಹಾಪರಾಧ.

"ಅಪ್‌ಡೇಟ್..." ಅವನು ಹಣೆ ಹಿಡಿದುಕೊಂಡ. "ವಿಂಡೋಸ್ ಅಪ್‌ಡೇಟ್ ಆದಾಗ ಒಂದೊಂದು ಸಲ ತನ್ನನ್ನೇ ಮೊದಲು ಮಾಡ್ಕೊಂಡುಬಿಡುತ್ತೆ. ನನ್ನದನ್ನ ಅಳಿಸಿರಲ್ಲ, ಕೇಳೋದನ್ನ ನಿಲ್ಲಿಸಿರುತ್ತೆ ಅಷ್ಟೇ. ನಾನು ಇದನ್ನ ಮಕ್ಕಳಿಗೆ ಪಾಠ ಮಾಡ್ತೀನಿ ಕಣೇ!"

"ಮತ್ತೆ ಆವತ್ತು ಯಾಕೆ ನೋಡಲಿಲ್ಲ?"

ಒಂದೇ ಒಂದು ಕೀಲಿ ಒತ್ತಿ ನೋಡಿದ್ದರೆ ಸಾಕಿತ್ತು. ಬೇರೆ ಯಾರ ಯಂತ್ರವಾಗಿದ್ದರೂ ನೋಡುತ್ತಿದ್ದ.

"ಭಯ ಆಯ್ತು," ಎಂದ ಅವನು. "ನಿಜವಾಗ್ಲೂ ಅಳಿಸಿದ್ರೆ? ಅದನ್ನ ಕಣ್ಣಾರೆ ನೋಡಬೇಕಾಗುತ್ತಲ್ಲ ಅಂತ."

ಅವಳಿಗೆ ನಗು ಬರಬೇಕಿತ್ತೋ ಅಳು ಬರಬೇಕಿತ್ತೋ ತಿಳಿಯಲಿಲ್ಲ. ಎರಡೂ ಬರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತಳು.

* * *

ಅವನು ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದು ಚುಚ್ಚಿದ. ಅದರಲ್ಲಿ ಒಂದು ಪೂರ್ತಿ ಲಿನಕ್ಸ್ ಇತ್ತು. ಮನೆಯ ಬೀಗ ಕೆಟ್ಟಾಗ ಹಿತ್ತಿಲ ಕಡೆಯಿಂದ ಒಳಗೆ ಹೋಗುವ ಹಾಗೆ, ಅದರ ಮೂಲಕ ಯಂತ್ರದೊಳಗೆ ಹೋಗಿ ನೋಡಬಹುದು. ನೋಡಿದ. ಯಂತ್ರದ ಗಡಿಯಾರ ಯಾವುದೋ ಹಳೆಯ ವರ್ಷದಲ್ಲಿ ನಿಂತಿತ್ತು. ಆ ಗಡಿಯಾರ ನಡೆಸುವ ಪುಟ್ಟ ಬಟನ್ ಸೆಲ್ ಸತ್ತಿದೆ, ಅದು ಸತ್ತಾಗ ಯಂತ್ರಕ್ಕೆ ತಾನು ಯಾರನ್ನು ಮೊದಲು ಎಬ್ಬಿಸಬೇಕು ಅನ್ನುವುದೇ ಮರೆತು, ಮೂಲೆಗೆ ಬಿದ್ದಿದ್ದ ಹಳೆಯ ಬೂಟ್ ಲೋಡರನ್ನು ಎಬ್ಬಿಸಿದೆ, ಅಷ್ಟರಲ್ಲಿ ಅಪ್‌ಡೇಟಿನ ದೆಸೆಯಿಂದ ಡಿಸ್ಕಿನ ಭಾಗಗಳ ನಂಬರ್ ಬದಲಾಗಿ ಅದಕ್ಕೆ ತನ್ನ ಮನೆಯೇ ಸಿಗುತ್ತಿಲ್ಲ ಎಂದು ವಿವರಿಸಿದ. ಅವಳಿಗೆ ಅರ್ಧ ಅರ್ಥವಾಯಿತು. ಅವನ ಸ್ವರ ಮಾತ್ರ ಪೂರ್ತಿ ಕೇಳಿಸಿತು. ಎಷ್ಟು ದಿನವಾಗಿತ್ತು!

ಅಷ್ಟರಲ್ಲಿ ನಾದಿನಿ ಎರಡು ಲೋಟ ಕಾಫಿ ಹಿಡಿದು, ಕಿವಿ ನೆಟ್ಟಗೆ ಮಾಡಿಕೊಂಡು ಬಂದಳು. ಏನಾಯ್ತು ಅಣ್ಣಾ ಎಂದು ಕೇಳಿದಾಗ ಅವಳ ಕಣ್ಣು ಯಂತ್ರದ ಮೇಲಿರಲಿಲ್ಲ. ಅವನು ಹೊಸ ಸೆಲ್ ತರಲು ತಂಗಿಯನ್ನು ಪೇಟೆಗೆ ಅಟ್ಟಿದ. ಕೆಡುವುದಕ್ಕೆ ಹತ್ತಿರದ ಅಂಗಡಿಯಲ್ಲಿ ಸಿಗುವ ವಸ್ತು ಯಾವುದೂ ಇರಲಿಲ್ಲವೇ ಎಂದು ಗೊಣಗುತ್ತಾ ಅವಳು ಮೆಟ್ಟಿಲಿಳಿದಳು.

ಅವನು ಹೆಂಡತಿಯ ಪ್ಯಾಟರ್ನುಗಳನ್ನು ಮೊದಲು ಬೇರೆ ಕಡೆಗೆ ನಕಲು ಮಾಡಿಟ್ಟ. ಎಲ್ಲ ಇದ್ದವು. ತನ್ನ ಭಾಗವನ್ನು ತೆರೆದ. ಪಾಠಗಳು, ಪ್ರಶ್ನೆಪತ್ರಿಕೆಗಳು, ಹಳೆಯ ಫೋಟೋಗಳು, ಒಂದೂ ಹೋಗಿರಲಿಲ್ಲ. ಬ್ಯಾಕಪ್ ಇಟ್ಟುಕೊಳ್ಳಿ ಎಂದು ಮಕ್ಕಳ ಕಿವಿ ಹಿಂಡುವ ಮೇಷ್ಟ್ರು ತಾನು ಮಾತ್ರ ಇಟ್ಟುಕೊಂಡಿರಲಿಲ್ಲ.

ಆಮೇಲೆ ಅವನು ಏನನ್ನೋ ನೋಡಿ ಹುಬ್ಬು ಗಂಟಿಕ್ಕಿದ.

"ನಿನ್ನ ಕಡೆ ಒಂದಿಷ್ಟೂ ಜಾಗ ಇಲ್ವಲ್ಲೇ. ಇಷ್ಟು ದಿನ ಹೇಗೆ ಕೆಲಸ ಮಾಡ್ದೆ?"

ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದೆ ಎಂದಳು. ಕೆಲವು ಪ್ಯಾಟರ್ನುಗಳನ್ನು ಮತ್ತೆ ಮೊದಲಿನಿಂದ ಬರೆದದ್ದೂ ಉಂಟು.

"ಪಕ್ಕದಲ್ಲೇ ಇಷ್ಟು ದೊಡ್ಡ ಜಾಗ ಇತ್ತಲ್ಲ. ನಾನು ಬಿಟ್ಟು ಹೋದೆ ಅಂದ್ಕೊಂಡಿದ್ದೆ ತಾನೇ? ತಗೋಬಹುದಿತ್ತು."

ಅವಳು ಕಾಫಿಯ ಲೋಟ ತಿರುಗಿಸುತ್ತಾ ಕುಳಿತಳು.

ಅದು ಆಗಾಗ ಕೇಳುತ್ತಿತ್ತು. ಇಲ್ಲೊಂದು ಗುರುತು ಸಿಗದ ಡಿಸ್ಕ್ ಇದೆ, ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಒಂದು ಚೌಕ ತೋರಿಸುತ್ತಿತ್ತು. ಮಾಡು ಎಂದು ಒತ್ತಿದರೆ ಆ ಜಾಗವೆಲ್ಲ ಅವಳದೇ. ಹಿಂದೊಮ್ಮೆ ಬಂದಿದ್ದಾಗ ಅಂಗಡಿಯವನೂ ಒತ್ತಿ ಎಂದಿದ್ದ, ನಾದಿನಿಯೂ ಎಂದಿದ್ದಳು. ಅವಳು ಪ್ರತಿ ಸಲವೂ ಆ ಚೌಕವನ್ನು ಮುಚ್ಚಿ ಕೆಲಸಕ್ಕೆ ತೊಡಗುತ್ತಿದ್ದಳು. ಇದನ್ನೆಲ್ಲ ಈಗ ಅವನಿಗೆ ಹೇಳಿದಳು.

"ಯಾಕೆ?"

"ಗೊತ್ತಿಲ್ಲ ರೀ. ಖಾಲಿ ಅಂತಲೇ ಅಂದ್ಕೊಂಡಿದ್ದೆ. ಆದ್ರೂ ಅದು ನಿಮ್ಮ ಜಾಗ. ಅದಕ್ಕೆ ನನ್ನ ಹೆಸರು ಹಾಕೋಕೆ ಆಗಲಿಲ್ಲ."

ಅವನು ಕನ್ನಡಕ ತೆಗೆದ, ಶರ್ಟಿನ ತುದಿಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಏನೂ ಅನ್ನಿಸದವಳು ಇಷ್ಟು ದಿನ ಬಿಡದೆ ಮಾಡಿದ ಒಂದು ಕೆಲಸದ ಮುಂದೆ ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

* * *

ನಾದಿನಿ ಸೆಲ್ ತಂದುಕೊಟ್ಟು, ಇಬ್ಬರ ಮುಖವನ್ನೂ ಒಂದು ಸಲ ನೋಡಿ, ಯಾವ ಕಾಲದಲ್ಲೂ ಇಲ್ಲದ ಬುದ್ಧಿ ತಂದುಕೊಂಡು ಸುಮ್ಮನೆ ಕೆಳಗಿಳಿದಳು.

ಅವನು ಸೆಲ್ ಬದಲಿಸಿದ. ಹಿತ್ತಿಲ ದಾರಿಯಿಂದ ತನ್ನ ಭಾಗದೊಳಗೆ ಹೋಗಿ ಬೂಟ್ ಲೋಡರನ್ನು ಹೊಸದಾಗಿ ಕೂರಿಸಿದ. ಪರದೆಯ ಮೇಲೆ ಸಾಲುಗಳು ಓಡಿದವು. ಮುಗಿಯಿತು ಎಂದು ಪೆನ್ ಡ್ರೈವ್ ಕಿತ್ತು, ಯಂತ್ರವನ್ನು ಮತ್ತೆ ಹಚ್ಚಿದ. ಇಬ್ಬರೂ ಪರದೆಯ ಮುಂದೆ ಬಾಗಿದರು.

ಮೆನು ಬಂತು. ಅದರಲ್ಲಿ ಅವನ ಸಾಲು ಇತ್ತು.

ಅವಳದು ಇರಲಿಲ್ಲ.

ಅವನ ಮುಖದ ಬಣ್ಣವೇ ಹೋಯಿತು. ಅವಳು ಆ ಒಂಟಿ ಸಾಲನ್ನೇ ನೋಡಿದಳು. ಒಳಗೆ ಎಲ್ಲೋ ಹಳೆಯ ಯೋಚನೆ ತಲೆ ಎತ್ತಿತು. 'ನೋಡು... ತಮ್ಮದನ್ನ ಉಳಿಸಿಕೊಂಡು ನಿನ್ನದನ್ನ ತೆಗೆದರು. ಆಯ್ತಲ್ಲ, ಇನ್ನು ಹೊರಡ್ತಾರೆ...'

ಎದ್ದು ಅಡುಗೆಮನೆಗೆ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ.

"ಮೇಷ್ಟ್ರೇ," ಎಂದಳು. "ನನ್ನದು ಎಲ್ಲಿ? ಅಳಿಸಿಬಿಟ್ರಾ?"

"ಇಲ್ಲ," ಎಂದ ಅವನು ತಕ್ಷಣ. "ಅಳಿಸಿಲ್ಲ. ನಿನ್ನದು ಅಲ್ಲೇ ಇದೆ, ಅದನ್ನ ಹುಡುಕು ಅಂತ ಇದಕ್ಕೆ ನಾನು ಹೇಳಿಲ್ಲ. ಈಗಿನ ಬೂಟ್ ಲೋಡರ್ ಹೇಳದೆ ಹುಡುಕಲ್ಲ. ಒಂದು ಸಾಲು ತಿದ್ದಬೇಕು. ತಿದ್ದಲಾ?"

"ತಿದ್ದಿ. ನಾನು ನೋಡ್ತೀನಿ."

ಅವನು ತನ್ನ ಲಿನಕ್ಸಿನೊಳಗೆ ಹೋಗಿ ಆ ಸಾಲು ತಿದ್ದಿದ. ಏನು ಬರೆದೆ, ಯಾಕೆ ಬರೆದೆ ಎಂದು ಒಂದೊಂದನ್ನೂ ಹೇಳಿದ. ಅವಳು ಒಂದೊಂದನ್ನೂ ಕೇಳಿದಳು. ಯಂತ್ರ ಮತ್ತೆ ಮಲಗಿ ಎದ್ದಿತು.

ಕಪ್ಪು ಪರದೆಯ ಮೇಲೆ ಎರಡು ಸಾಲು. ಒಂದು ಅವನದು, ಒಂದು ಅವಳದು. ಯಾರೂ ಏನೂ ಒತ್ತಲಿಲ್ಲ. ಕೆಲವು ಕ್ಷಣ ಕಾದು ಅದು ತಾನಾಗಿ ಅವನ ಕಡೆಗೆ ಹೊರಟಿತು. ಅಯ್ಯೋ, ಇದನ್ನೂ ಬದಲಿಸಬೇಕು ಎಂದು ಅವನು ಕೀಲಿಗಳ ಕಡೆಗೆ ಕೈ ಚಾಚಿದ. ಇರಲಿ ಬಿಡಿ, ಇಷ್ಟು ದಿನ ನನ್ನ ಕಡೆಗೇ ಹೋಗಿದೆ ಎಂದಳು ಅವಳು.

ಕಿಟಕಿಯ ಹೊರಗೆ ಬಿಸಿಲು ಎದುರಿನ ಗೋಡೆಯಿಂದ ಇಳಿಯುತ್ತಿತ್ತು. ಬಸ್ಸಿನ ಹೊತ್ತು ಹತ್ತಿರವಾಗಿತ್ತು. ಚೀಲ ಅವನ ಕಾಲ ಬಳಿಯೇ ಇತ್ತು. ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ, ಸರಿಸಲೂ ಇಲ್ಲ.

"ನಾನು ಇಲ್ಲೇ ಇರಲಾ?" ಎಂದು ಕೇಳಿದ.

ಅವಳಿಗೆ ಹೂಂ ಅಂದುಬಿಡುವುದು ಸುಲಭವಿತ್ತು. ಆದರೆ ಅರ್ಧ ನಿಜ ಹೇಳಿ ಒಮ್ಮೆ ಕೆಟ್ಟಾಗಿತ್ತು.

"ನನಗೆ ಇನ್ನೂ ಹಾಗೇ ಇದೆ ರೀ. ನೀವು ಬಾಗಿಲಲ್ಲಿ ಬಂದು ನಿಂತಾಗಲೂ ಏನೂ ಅನ್ನಿಸಲಿಲ್ಲ. ಸುಳ್ಳು ಹೇಳಲ್ಲ."

"ನನ್ನ ಮೇಲೆ ಮಾತ್ರಾನಾ?"

"ಇಲ್ಲ. ಎಲ್ಲದರ ಮೇಲೂ. ಊಟ, ನಿದ್ದೆ, ಕೆಲಸ... ಎಲ್ಲ. ಯಾವತ್ತಿಂದ ಅಂದ್ರೆ..."

ಮಾತು ಅಲ್ಲೇ ನಿಂತಿತು. ಅವನು ಮುಂದುವರಿಸಲಿಲ್ಲ, ಊಹಿಸಲೂ ಇಲ್ಲ.

"ಯಾವತ್ತಿಂದ?" ಎಂದು ಕೇಳಿದ.

ಅವಳು ಇಷ್ಟು ದಿನ ಬಂದವರಿಗೆಲ್ಲ ಕುರ್ಚಿ ಹಾಕಿದ್ದಳು, ನೀರು ಕೊಟ್ಟಿದ್ದಳು, ಫೋನ್ ಮಾಡಿದವರಿಗೆಲ್ಲ ಉತ್ತರ ಕೊಟ್ಟಿದ್ದಳು. ಈ ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಅಮ್ಮ ಹೋಗಿಬಿಟ್ಟಳು ರೀ," ಎಂದಳು.

ಹೇಳಿದ ಮೇಲೆ ಅವಳೇ ಅದನ್ನು ಮೊದಲ ಸಲ ಕೇಳಿದ ಹಾಗೆ ಬೆಚ್ಚಿದಳು. ಆಮೇಲೆ ಅಳು ಬಂತು. ಕಥೆಗಳಲ್ಲಿ ಬರುವಂಥ ಚಂದದ ಅಳುವಲ್ಲ. ಮೂಗು ಸೋರಿತು, ಬಿಕ್ಕಳಿಕೆ ಹಿಡಿಯಿತು, ಸ್ಟೂಲಿನಿಂದ ಜಾರಿ ನೆಲಕ್ಕೆ ಕುಳಿತಳು. ಅವನೂ ಕುರ್ಚಿ ಬಿಟ್ಟು ಪಕ್ಕದಲ್ಲಿ ನೆಲದ ಮೇಲೆ ಕುಳಿತ. ಸಮಾಧಾನ ಹೇಳಲಿಲ್ಲ. ಅವಳು ತಾನಾಗಿ ಅವನ ಕೈ ಹಿಡಿದುಕೊಂಡಳು. ಅದು ಬೆಚ್ಚಗಿತ್ತು. ಬೆಚ್ಚಗಿದೆ ಎಂದು ಅವಳಿಗೆ ತಿಳಿಯಿತು.

ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ನಿಂತು, ಜನರನ್ನು ಹತ್ತಿಸಿಕೊಂಡು ಹೋಯಿತು.

"ನಾಳೆ ಆ ಶಾಲೆಯವರಿಗೆ?" ಎಂದು ಕೇಳಿದಳು ಕೊನೆಗೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ.

"ಖಾಯಂ ಆಗಿ ಇರೋಕೆ ಆಗಲ್ಲ ಅಂತೀನಿ."

"ಮುಂದೆ ಯಾವತ್ತಾದ್ರೂ ಮತ್ತೆ ಹೋಗ್ಬೇಕು ಅನ್ನಿಸಿದ್ರೆ?"

"ಮೊದಲು ನಿನ್ನನ್ನ ಕೇಳ್ತೀನಿ."

"ಕೇಳಿದ್ರೆ ನಾನು ಹೋಗಬೇಡಿ ಅಂತೀನಿ."

"ಅದಕ್ಕೇ ಕೇಳೋದು, ಕತ್ತರಿ."